ಅಮೆರಿಕದ ಎರಡು ವಿಶ್ವವಿದ್ಯಾಲಯ, ಮೂರು ಲೆಕ್ಕದ ಪುಸ್ತಕ

ಚೆನ್ನೈ ಹೈಕೋರ್ಟಿನ ಆವರಣದಲ್ಲಿ, ಲಾ ಕಾಲೇಜಿನ ಪಕ್ಕಕ್ಕೆ, ಒಂದು ಹಳೆಯ ಗೋರಿ ಇದೆ. ವಕೀಲರು, ಕಕ್ಷಿದಾರರು ದಿನಾ ಅದರ ಬಳಿಯೇ ಓಡಾಡುತ್ತಾರೆ. ಯಾರದು ಅಂತ ಕೇಳುವವರು ಕಡಿಮೆ. ಅಲ್ಲಿ ಮಲಗಿರುವವರಲ್ಲಿ ಒಬ್ಬ ಡೇವಿಡ್ ಯೇಲ್ ಎಂಬ ಪುಟ್ಟ ಹುಡುಗ. 1680ರ ದಶಕದಲ್ಲಿ, ಅಂದರೆ ಇದು ಇನ್ನೂ ಈಸ್ಟ್ ಇಂಡಿಯಾ ಕಂಪನಿಯ ಒಂದು ಕೋಟೆ ಮತ್ತು ಅದರ ಸುತ್ತಲಿನ ಊರಾಗಿದ್ದ ಕಾಲದಲ್ಲಿ ತೀರಿಕೊಂಡವನು. ಅವನ ಅಪ್ಪ ಎಲಿಹು ಯೇಲ್ ಈ ಕೋಟೆಯ ಗವರ್ನರ್ ಆಗಿದ್ದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಇರುವುದು ಈ ಅಪ್ಪನ ಹೆಸರು.

ಕಳೆದ ವರ್ಷ ನನ್ನ ಅಕ್ಕನ ಮಗಳಿಗೆ ಈ ಗೋರಿ ತೋರಿಸಿದೆ. ಅವಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಳು. ಅವಳ ಪ್ರಶ್ನೆ ಬೇರೆಯೇ ಇತ್ತು. "ಮಾಮು, ಅಲ್ಲಿ ನಮ್ಮ ಕಡೆ ಥರ ಡೊನೇಷನ್ ಸೀಟು ಇಲ್ವಂತೆ. ಎಲ್ಲಾ ಮೆರಿಟ್ ಮೇಲೇನೇ ಅಂತೆ. ನಿಜಾನಾ?"

ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಆವತ್ತು ಅವಳಿಗೆ ಹೇಳಿದ್ದನ್ನು, ಹೇಳದೆ ಬಿಟ್ಟಿದ್ದನ್ನು ಸೇರಿಸಿ ಈ ಲೇಖನ ಬರೆದಿದ್ದೇನೆ. ಅಮೆರಿಕದ ಕಾಲೇಜುಗಳ ಹಗರಣಗಳ ಪಟ್ಟಿ ಬಹಳ ಉದ್ದ. ನಾನು ಎರಡೇ ಸಂಸ್ಥೆಗಳನ್ನು ತೆಗೆದುಕೊಂಡಿದ್ದೇನೆ: ಯೇಲ್ ಮತ್ತು ಜಾರ್ಜ್‌ಟೌನ್. ಮೂರು ಕಾಲದ ಮೂರು ವ್ಯವಹಾರಗಳನ್ನು ನೋಡೋಣ. ಒಂದರಲ್ಲಿ ಮಾರಾಟವಾದದ್ದು ಹೆಸರು, ಇನ್ನೊಂದರಲ್ಲಿ ಮನುಷ್ಯರು, ಮೂರನೆಯದರಲ್ಲಿ ಸೀಟು.

ಮೊದಲ ಲೆಕ್ಕ: 1718

ಎಲಿಹು ಯೇಲ್ ಹುಟ್ಟಿದ್ದು 1649ರಲ್ಲಿ, ಬಾಸ್ಟನ್‌ನಲ್ಲಿ. ಎಳೆಯ ವಯಸ್ಸಿನಲ್ಲೇ ಮನೆಯವರ ಜೊತೆ ಇಂಗ್ಲೆಂಡಿಗೆ ಹೋದವನು ಮತ್ತೆ ಅಮೆರಿಕದ ಮುಖ ನೋಡಲಿಲ್ಲ. 1672ರಲ್ಲಿ ಕಂಪನಿಯ ಸಾಮಾನ್ಯ ನೌಕರನಾಗಿ ಮದ್ರಾಸಿಗೆ ಬಂದ. 1687ರ ಹೊತ್ತಿಗೆ ಗವರ್ನರ್ ಆದ. ಕಂಪನಿ ಕೊಡುತ್ತಿದ್ದ ಸಂಬಳದಿಂದ ಯಾರೂ ಅಷ್ಟು ಶ್ರೀಮಂತರಾಗಲು ಸಾಧ್ಯವಿರಲಿಲ್ಲ. ವಜ್ರ, ಬಟ್ಟೆ, ಖಾಸಗಿ ವ್ಯಾಪಾರ, ಎಲ್ಲದರಲ್ಲೂ ಅವನ ಕೈ ಇತ್ತು. ಅಧಿಕಾರವನ್ನು ಸ್ವಂತ ಲಾಭಕ್ಕೆ ಬಳಸಿಕೊಂಡ ಎಂಬ ಆರೋಪಗಳ ಮೇಲೆ 1692ರಲ್ಲಿ ಕಂಪನಿ ಅವನನ್ನು ಹುದ್ದೆಯಿಂದ ತೆಗೆಯಿತು. ಲೆಕ್ಕದ ತಕರಾರುಗಳು ಮುಗಿದು ಅವನು ಲಂಡನ್‌ಗೆ ಹಡಗು ಹತ್ತಿದ್ದು 1699ರಲ್ಲಿ. ಅವನ ಜಾಗಕ್ಕೆ ಬಂದ ನಥಾನಿಯಲ್ ಹಿಗ್ಗಿನ್‌ಸನ್ ಹಾರ್ವರ್ಡ್‌ನಲ್ಲಿ ಓದಿದವನು ಎಂಬುದು ಇತಿಹಾಸದ ಒಂದು ತಮಾಷೆ.

ಖಾಸಗಿ ವ್ಯಾಪಾರದ ಆರೋಪ ಕಂಪನಿಯ ಹಣದ ವಿಷಯ. ಅದಕ್ಕಿಂತ ಕರಾಳವಾದದ್ದು ಇನ್ನೊಂದಿತ್ತು. ಆ ಕಾಲದಲ್ಲಿ ಬರದಿಂದ ಕಂಗೆಟ್ಟ ಕರಾವಳಿಯ ಬಡವರನ್ನು ಹಿಡಿದು ಅಥವಾ ಕೊಂಡು ಹಡಗುಗಳಲ್ಲಿ ಹೊರಗೆ ಸಾಗಿಸುವ ವ್ಯಾಪಾರ ಮದ್ರಾಸಿನಲ್ಲಿ ನಡೆಯುತ್ತಿತ್ತು. ಯೂರೋಪಿಗೆ ಹೊರಡುವ ಪ್ರತಿ ಹಡಗಿನಲ್ಲಿ ಕನಿಷ್ಠ 10 ಗುಲಾಮರನ್ನು ಕಳುಹಿಸಬೇಕು ಎಂಬ ಆದೇಶ ಕೋಟೆಯ ಆಡಳಿತ ಮಂಡಳಿಯ ದಾಖಲೆಯಲ್ಲಿದೆ. ಆ ಮಂಡಳಿಯಲ್ಲಿ ಯೇಲ್ ಇದ್ದ. 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿ ಈ ಭಾಗ ಮೊಗಲರ ಆಳ್ವಿಕೆಗೆ ಬಂತು. ಮೊಗಲ್ ಅಧಿಕಾರಿಗಳು ಆಕ್ಷೇಪಿಸಿದ ಮೇಲೆ 1688ರಲ್ಲಿ ಕೋಟೆ ಈ ಸಾಗಣೆಯನ್ನು ನಿಷೇಧಿಸಿತು.

ಈಗ ಸಮುದ್ರದ ಆಚೆಗೆ ಹೋಗೋಣ. ಕನೆಕ್ಟಿಕಟ್‌ನಲ್ಲಿ 1701ರಲ್ಲಿ ಶುರುವಾಗಿದ್ದ ಒಂದು ಸಣ್ಣ ಕಾಲೇಜಿಗೆ ಕಟ್ಟಡ ಕಟ್ಟಲು ದುಡ್ಡು ಸಾಲುತ್ತಿರಲಿಲ್ಲ. ಲಂಡನ್‌ನಲ್ಲಿ ಒಬ್ಬ ಭಾರಿ ಶ್ರೀಮಂತ ಇದ್ದಾನೆ, ಹುಟ್ಟೂರು ನಮ್ಮ ಕಡೆಯದೇ ಎಂದು ಗೊತ್ತಾಯಿತು. ಬಾಸ್ಟನ್‌ನ ಪಾದ್ರಿ ಕಾಟನ್ ಮೇಥರ್ 1718ರಲ್ಲಿ ಅವನಿಗೆ ಪತ್ರ ಬರೆದ. ಕಾಲೇಜಿಗೆ ನಿಮ್ಮ ಹೆಸರಿಟ್ಟರೆ ಅದು ಮಕ್ಕಳುಮರಿಗಳಿಗಿಂತ ಹೆಚ್ಚು ಕಾಲ ಉಳಿದೀತು ಎಂಬರ್ಥದ ಆಸೆ ತೋರಿಸಿದ. ಯೇಲ್ 9 ಮೂಟೆ ಸರಕು, 417 ಪುಸ್ತಕ ಮತ್ತು ದೊರೆ ಒಂದನೇ ಜಾರ್ಜನ ಒಂದು ಚಿತ್ರ ಕಳುಹಿಸಿದ. ಸರಕು ಮಾರಿದಾಗ ಸುಮಾರು 562 ಪೌಂಡ್ ಬಂತು. ಅಷ್ಟಕ್ಕೆ ಕಾಲೇಜು ಯೇಲ್ ಕಾಲೇಜ್ ಆಯಿತು.

ಗಮನಿಸಿ, ಹಗರಣಕ್ಕೆ ಸಿಕ್ಕಿ ಮದ್ರಾಸಿನಲ್ಲಿ ಕೆಲಸ ಕಳೆದುಕೊಂಡವನ ಹೆಸರು ನ್ಯೂ ಹೇವನ್‌ನಲ್ಲಿ ಗೌರವದ ಹೆಸರಾಯಿತು. ದಾನದ ಹಣ ಎಲ್ಲಿಂದ ಬಂತು ಅಂತ ಕಾಲೇಜು ಕೇಳಲಿಲ್ಲ. ಕೇಳದೇ ಇರುವುದೇ ವ್ಯವಹಾರದ ಒಂದು ಭಾಗ ಆಗಿತ್ತು.

ಮುಂದೆ 1831ರಲ್ಲಿ ಅದೇ ನ್ಯೂ ಹೇವನ್‌ನಲ್ಲಿ ಕಪ್ಪು ಯುವಕರಿಗಾಗಿ ಒಂದು ಕಾಲೇಜು ತೆರೆಯುವ ಪ್ರಸ್ತಾಪ ಬಂತು. ಊರಿನ ಸಭೆ ಸೇರಿತು. ಮತ ಹಾಕಿದವರಲ್ಲಿ ಸುಮಾರು 700 ಜನ ಬೇಡ ಎಂದರು, ಬೇಕು ಎಂದವರು ನಾಲ್ಕೇ ಜನ. ವಿರೋಧದ ಮುಂಚೂಣಿಯಲ್ಲಿ ಯೇಲ್‌ಗೆ ಸೇರಿದ ಗಣ್ಯರೂ ಇದ್ದರು. ಇಂಥ ಕಾಲೇಜಿನಿಂದ ಯೇಲ್‌ನ ಹೆಸರಿಗೆ ಧಕ್ಕೆ ಬರುತ್ತದೆ ಎಂಬುದು ಒಂದು ವಾದ. ಯಾವ ಹೆಸರಿಗೆ? ಮದ್ರಾಸಿನಿಂದ ಬಂದ ಆ ಹೆಸರಿಗೆ.

ಎರಡನೇ ಲೆಕ್ಕ: 1838

ಜಾರ್ಜ್‌ಟೌನ್ ವಾಷಿಂಗ್ಟನ್ ನಗರದಲ್ಲಿದೆ. 1789ರಲ್ಲಿ ಜಾನ್ ಕ್ಯಾರಲ್ ಸ್ಥಾಪಿಸಿದ ಈ ಕಾಲೇಜು ಅಮೆರಿಕದ ಮೊದಲ ಕ್ಯಾಥೊಲಿಕ್ ಉನ್ನತ ಶಿಕ್ಷಣ ಸಂಸ್ಥೆ. ನಡೆಸುತ್ತಿದ್ದವರು ಮೇರಿಲ್ಯಾಂಡ್‌ನ ಜೆಸ್ಯೂಟ್ ಪಾದ್ರಿಗಳು. ಅವರ ಬಳಿ ದೊಡ್ಡ ದೊಡ್ಡ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಆ ಗುಲಾಮರಿಗೂ ಪಾದ್ರಿಗಳೇ ದೀಕ್ಷಾಸ್ನಾನ ಕೊಟ್ಟು, ಮದುವೆ ಮಾಡಿಸಿ, ಮಣ್ಣು ಮಾಡುತ್ತಿದ್ದರು. ಒಂದೇ ದೇವರನ್ನು ಒಟ್ಟಿಗೆ ಪ್ರಾರ್ಥಿಸುತ್ತಿದ್ದವರಲ್ಲಿ ಒಬ್ಬ ಇನ್ನೊಬ್ಬನ ಒಡೆಯ.

1830ರ ದಶಕದಲ್ಲಿ ತೋಟಗಳಿಂದ ಲಾಭ ಬರುತ್ತಿರಲಿಲ್ಲ, ಕಾಲೇಜು ಸಾಲದಲ್ಲಿ ಮುಳುಗಿತ್ತು. ಆ ಪ್ರಾಂತ್ಯದ ಜೆಸ್ಯೂಟರ ಮುಖ್ಯಸ್ಥ ಥಾಮಸ್ ಮಲೆಡಿ, ಅದಕ್ಕೆ ಸ್ವಲ್ಪ ಮೊದಲು ಕಾಲೇಜಿನ ಅಧ್ಯಕ್ಷನಾಗಿದ್ದವನು, 1838ರ ಜೂನ್ 19ರಂದು ಒಂದು ಒಪ್ಪಂದಕ್ಕೆ ಸಹಿ ಹಾಕಿದ. 272 ಜನರನ್ನು ದಕ್ಷಿಣದ ಲೂಯಿಸಿಯಾನದ ಇಬ್ಬರಿಗೆ ಮಾರುವ ಒಪ್ಪಂದ. ಕೊಂಡವರಲ್ಲಿ ಹೆನ್ರಿ ಜಾನ್ಸನ್ ಆ ರಾಜ್ಯದ ಮಾಜಿ ಗವರ್ನರ್, ಇನ್ನೊಬ್ಬ ಜೆಸ್ಸಿ ಬೇಟಿ. ಬೆಲೆ 1,15,000 ಡಾಲರ್, ಕಂತುಗಳಲ್ಲಿ.

ಒಪ್ಪಂದದಲ್ಲಿ ಹೆಸರುಗಳ ಪಟ್ಟಿ ಇದೆ, ಎದುರಿಗೆ ವಯಸ್ಸು ಇದೆ. ಮೊದಲ ಹೆಸರು ಐಸಾಕ್, ವಯಸ್ಸು 65. ಪಟ್ಟಿಯಲ್ಲಿ ಹಸುಗೂಸುಗಳೂ ಇವೆ. ದನದ ಜಾತ್ರೆಯಲ್ಲಿ ರಾಸುಗಳ ವಯಸ್ಸು ನೋಡಿ ಬೆಲೆ ಕಟ್ಟುವ ಹಾಗೆಯೇ.

ರೋಮ್‌ನಲ್ಲಿದ್ದ ಜೆಸ್ಯೂಟರ ಮಹಾಮುಖ್ಯಸ್ಥ ಯಾನ್ ರೂಥಾನ್ ಈ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿದ್ದ, ಆದರೆ ಷರತ್ತು ಹಾಕಿದ್ದ. ಗಂಡ ಹೆಂಡತಿ ಮಕ್ಕಳನ್ನು ಬೇರೆ ಮಾಡಬಾರದು, ಅವರ ಧರ್ಮಾಚರಣೆಗೆ ಅವಕಾಶ ಇರಬೇಕು, ಬಂದ ಹಣವನ್ನು ಸಾಲ ತೀರಿಸಲು ಬಳಸಬಾರದು. ಷರತ್ತುಗಳು ಕಾಗದದಲ್ಲೇ ಉಳಿದವು. ಕುಟುಂಬಗಳು ಒಡೆದವು. ಮೊದಲ ಕಂತು 25,000 ಡಾಲರಿನಲ್ಲಿ 17,000 ನೇರವಾಗಿ ಕಾಲೇಜಿನ ಸಾಲಕ್ಕೆ ಹೋಯಿತು. ಕೆಲವರು ಸುದ್ದಿ ತಿಳಿದು ಕಾಡಿಗೆ ಓಡಿ ಅಡಗಿಕೊಂಡರು. ಉಳಿದವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಕ್ಯಾಥರೀನ್ ಜಾಕ್ಸನ್ ಎಂಬ ಹಡಗಿಗೆ ಹತ್ತಿಸಿದರು. ಹಡಗು ಆ ವರ್ಷದ ಡಿಸೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ಮುಟ್ಟಿತು. ಮಾರಾಟವಾದವರಲ್ಲಿ ಕಾರ್ನೆಲಿಯಸ್ ಹಾಕಿನ್ಸ್ ಎಂಬ 13 ವರ್ಷದ ಹುಡುಗ ಇದ್ದ. ಮುಂದೆ ಕಬ್ಬಿನ, ಹತ್ತಿಯ ತೋಟಗಳಲ್ಲಿ ಅವರ ಆಯಸ್ಸು ಸವೆಯಿತು. ಕೆಲವರು ಇನ್ನೊಮ್ಮೆ, ಮತ್ತೊಮ್ಮೆ ಮಾರಾಟವಾದರು.

ಮಲೆಡಿಗೆ ಏನಾಯಿತು? ರೋಮ್‌ಗೆ ಕರೆಸಿಕೊಂಡರು, ಕೆಲವು ಕಾಲ ನೀಸ್ ನಗರದಲ್ಲಿ ಇರಿಸಿದರು. ಆಮೇಲೆ ವಾಪಸ್ ಬಂದು 1843ರಲ್ಲಿ ಹೋಲಿ ಕ್ರಾಸ್ ಎಂಬ ಇನ್ನೊಂದು ಕಾಲೇಜಿನ ಮೊದಲ ಅಧ್ಯಕ್ಷನಾದ. ಜಾರ್ಜ್‌ಟೌನ್‌ನಲ್ಲಿ ಒಂದು ಕಟ್ಟಡಕ್ಕೆ ಅವನ ಹೆಸರಿಟ್ಟರು. ಶಿಕ್ಷೆ, ಅದೂ ಸಣ್ಣದು, ಒಬ್ಬ ವ್ಯಕ್ತಿಗೆ. ತೀರಿದ ಸಾಲದ ಲಾಭ ಸಂಸ್ಥೆಗೆ.

ಇದೆಲ್ಲ ಗುಟ್ಟಾಗಿತ್ತಾ? ಇಲ್ಲ, ಅದೇ ವಿಶೇಷ. ಒಪ್ಪಂದದ ಕಾಗದ, ಹೆಸರಿನ ಪಟ್ಟಿ, ಪತ್ರಗಳು ಎಲ್ಲವೂ ಭದ್ರವಾಗಿದ್ದವು. ಇತಿಹಾಸಕಾರರು ಎಂದೋ ಬರೆದಿದ್ದರು. 1990ರ ದಶಕದಲ್ಲೇ ಅಲ್ಲಿನ ವಿದ್ಯಾರ್ಥಿಗಳು ಜೆಸ್ಯೂಟ್ ತೋಟಗಳ ದಾಖಲೆಗಳನ್ನು ಇಂಟರ್‌ನೆಟ್‌ಗೆ ಹಾಕಿದ್ದರು. ಲೈಬ್ರರಿಗೆ ಗೊತ್ತಿತ್ತು, ಸಂಸ್ಥೆಗೆ ಗೊತ್ತಿರಲಿಲ್ಲ ಅನ್ನೋಣ. ಕಪಾಟಿನಲ್ಲಿ ಸತ್ಯ ಇರುವುದು ಬೇರೆ, ಅದನ್ನು ಒಪ್ಪಿಕೊಳ್ಳುವುದು ಬೇರೆ.

ಬೇರೆ ಕಡೆ ಬಾಗಿಲು ಆಗಲೇ ತೆರೆದಿತ್ತು. 2003ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆ ರೂತ್ ಸಿಮನ್ಸ್, ಸ್ವತಃ ಗುಲಾಮರ ವಂಶದವರು, ತಮ್ಮ ಸಂಸ್ಥೆಗೂ ಗುಲಾಮಗಿರಿಗೂ ಇದ್ದ ನಂಟನ್ನು ಹುಡುಕಲು ಸಮಿತಿ ನೇಮಿಸಿದರು. 2006ರಲ್ಲಿ ವರದಿ ಬಂತು. 2013ರಲ್ಲಿ ಕ್ರೇಗ್ ಸ್ಟೀವನ್ ವೈಲ್ಡರ್ ಎಂಬ ಇತಿಹಾಸಕಾರ ಅಮೆರಿಕದ ಹಳೆಯ ಕಾಲೇಜುಗಳ ಅಡಿಪಾಯದಲ್ಲೇ ಗುಲಾಮಗಿರಿ ಇತ್ತು ಎಂದು ಇಡೀ ಪುಸ್ತಕ ಬರೆದರು.

ಜಾರ್ಜ್‌ಟೌನ್‌ನಲ್ಲಿ ಕಿಡಿ ಹೊತ್ತಿಸಿದವರು ವಿದ್ಯಾರ್ಥಿಗಳು. ವಿದ್ಯಾರ್ಥಿ ಪತ್ರಿಕೆಯಲ್ಲಿ ಲೇಖನಗಳು ಬಂದವು. 2015ರ ನವೆಂಬರ್‌ನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿ ಎದುರು ಧರಣಿ ಕೂತರು. ಮಲೆಡಿ ಹೆಸರು ಹೋಯಿತು. ಮಾರಾಟವಾದವರೆಲ್ಲ ಲೂಯಿಸಿಯಾನದ ಜೌಗಿನಲ್ಲಿ ಜ್ವರ ಬಂದು ಸತ್ತರು, ವಂಶ ಉಳಿದಿಲ್ಲ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಅದನ್ನು ನಂಬದ ಒಬ್ಬ ಹಳೆಯ ವಿದ್ಯಾರ್ಥಿ ಸ್ವಂತ ಖರ್ಚಿನಲ್ಲಿ ಹುಡುಕಲು ಶುರು ಮಾಡಿದರು. ಚರ್ಚಿನ ದೀಕ್ಷಾಸ್ನಾನದ, ಮದುವೆಯ ಪುಸ್ತಕಗಳು ದಾರಿ ತೋರಿಸಿದವು. ಸಾವಿರಾರು ವಂಶಸ್ಥರು ಸಿಕ್ಕರು. ಲೂಯಿಸಿಯಾನದ ಮ್ಯಾರಿಂಗ್ವಿನ್ ಎಂಬ ಪುಟ್ಟ ಊರಿನಲ್ಲಿ ಇವತ್ತಿಗೂ ಅವರ ಮನೆತನಗಳಿವೆ. ಎಷ್ಟೋ ಜನ ಈಗಲೂ ಕ್ಯಾಥೊಲಿಕರೇ. ಮಾರಿದವರು ಕಲಿಸಿದ ನಮಸ್ಕಾರವನ್ನು ಮಾರಾಟವಾದವರು ಬಿಡಲಿಲ್ಲ.

2017ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ವಂಶಸ್ಥರ ಮುಂದೆ ಕ್ಷಮೆ ಕೇಳಿತು. ಮಲೆಡಿ ಹೆಸರಿದ್ದ ಕಟ್ಟಡ ಐಸಾಕ್ ಹಾಕಿನ್ಸ್ ಹೆಸರಿನದಾಯಿತು. ಪಟ್ಟಿಯ ಮೊದಲ ಹೆಸರು ಅದು. ಇನ್ನೊಂದು ಕಟ್ಟಡಕ್ಕೆ, ಆ ಊರಿನಲ್ಲೇ ಕಪ್ಪು ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ್ದ ಆನ್ ಮೇರಿ ಬೆಕ್ರಾಫ್ಟ್ ಹೆಸರಿಟ್ಟರು.

ಮೂರನೇ ಲೆಕ್ಕ: 2019

ಕ್ಷಮೆ ಕೇಳಿ ಎರಡು ವರ್ಷ ಆಗಿರಲಿಲ್ಲ. 2019ರ ಮಾರ್ಚ್ 12ರಂದು ಬಾಸ್ಟನ್‌ನಲ್ಲಿ ಸರ್ಕಾರಿ ವಕೀಲರು 50 ಜನರ ಮೇಲೆ ಆರೋಪ ಪ್ರಕಟಿಸಿದರು. ಪ್ರಕರಣದ ಅಡ್ಡಹೆಸರು ವಾರ್ಸಿಟಿ ಬ್ಲೂಸ್. ಕೇಂದ್ರದಲ್ಲಿದ್ದವನು ವಿಲಿಯಂ ರಿಕ್ ಸಿಂಗರ್, ಕ್ಯಾಲಿಫೋರ್ನಿಯಾದ ಕಾಲೇಜು ಪ್ರವೇಶ ಸಲಹೆಗಾರ. 2011ರಿಂದ 2018ರವರೆಗೆ ಶ್ರೀಮಂತ ತಂದೆತಾಯಿಗಳು ಅವನಿಗೆ ಒಟ್ಟು ಸುಮಾರು 2.5 ಕೋಟಿ ಡಾಲರ್ ಕೊಟ್ಟಿದ್ದರು.

ಅವನ ವಿಧಾನ ಎರಡು. ಒಂದು, ಪ್ರವೇಶ ಪರೀಕ್ಷೆಯಲ್ಲಿ ಮೋಸ: ಬೇರೆಯವರಿಂದ ಬರೆಸುವುದು ಅಥವಾ ಉತ್ತರ ತಿದ್ದಿಸುವುದು. ಇನ್ನೊಂದು, ಕ್ರೀಡಾ ಕೋಚ್‌ಗಳಿಗೆ ಲಂಚ. ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ತಂಡಕ್ಕೆ ಬೇಕಾದ ಆಟಗಾರರ ಪಟ್ಟಿಯನ್ನು ಕೋಚ್ ಕೊಡುತ್ತಾನೆ, ಅವರಿಗೆ ಪ್ರವೇಶ ಸಲೀಸು. ಆಟವೇ ಆಡದ ಮಕ್ಕಳನ್ನು ಆ ಪಟ್ಟಿಗೆ ಸೇರಿಸಿದರೆ ಆಯಿತು. ಹಣವನ್ನು ಸಿಂಗರ್ ನಡೆಸುತ್ತಿದ್ದ ಒಂದು ದತ್ತಿ ಸಂಸ್ಥೆಗೆ ದಾನ ಎಂದು ತೋರಿಸುತ್ತಿದ್ದರು. ಕೆಲವರು ಅದಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದರು. ಲಂಚಕ್ಕೆ ದಾನದ ರಶೀದಿ!

ಮೊದಲು ಸಿಕ್ಕಿಬಿದ್ದ ಕೋಚ್ ಎಲ್ಲಿಯವನು? ಯೇಲ್‌ನವನು. ಮಹಿಳಾ ಫುಟ್‌ಬಾಲ್ ತಂಡದ ಕೋಚ್ ರೂಡಿ ಮೆರೆಡಿತ್. ಷೇರು ವಂಚನೆಯ ಬೇರೊಂದು ತನಿಖೆಯಲ್ಲಿ ಸಿಕ್ಕಿದ್ದ ಒಬ್ಬ ತಂದೆ ಇವನ ವಿಷಯ ಬಾಯಿಬಿಟ್ಟ. ಒಂದು ಕುಟುಂಬ ಸಿಂಗರ್‌ಗೆ 12 ಲಕ್ಷ ಡಾಲರ್ ಕೊಟ್ಟಿತ್ತು, ಅದರಲ್ಲಿ 4 ಲಕ್ಷ ಮೆರೆಡಿತ್‌ಗೆ ಸೇರಿತ್ತು. ಜಾರ್ಜ್‌ಟೌನ್‌ನ ಟೆನಿಸ್ ಕೋಚ್ ಗೋರ್ಡನ್ ಅರ್ನ್‌ಸ್ಟ್ ವರ್ಷಗಳ ಕಾಲ ತೆಗೆದುಕೊಂಡದ್ದು ಒಟ್ಟು 30 ಲಕ್ಷ ಡಾಲರಿಗೂ ಹೆಚ್ಚು. 1838ರ ಆ 1,15,000 ಡಾಲರ್ ಇವತ್ತಿನ ಲೆಕ್ಕದಲ್ಲಿ ಸುಮಾರು ಇಷ್ಟೇ ಆಗುತ್ತದೆ. ಅಂದು 272 ಜನರ ಬೆಲೆ, ಇಂದು ಒಬ್ಬ ಕೋಚ್‌ನ ಲಂಚ.

ಇನ್ನೊಂದು ಸಂಗತಿ. 2017ರಲ್ಲೇ ಜಾರ್ಜ್‌ಟೌನ್‌ಗೆ ಅರ್ನ್‌ಸ್ಟ್ ಪಟ್ಟಿಯಲ್ಲಿ ಏನೋ ಸರಿ ಇಲ್ಲ ಅನ್ನಿಸಿತ್ತು. ಒಳಗೇ ವಿಚಾರಣೆ ನಡೆಯಿತು, ಪ್ರವೇಶದ ನಿಯಮ ಮುರಿದಿದ್ದಾನೆ ಎಂದಾಯಿತು, 2018ರಲ್ಲಿ ಅವನು ಹೊರಗೆ ಹೋದ. ಸದ್ದಿಲ್ಲದೆ. ಲಂಚದ ವಿಷಯ ಆಗ ಗೊತ್ತಿರಲಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಅವನು ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿ ಸೇರಿಕೊಂಡ. ಮಲೆಡಿ ನೀಸ್‌ನಿಂದ ಬಂದು ಹೋಲಿ ಕ್ರಾಸ್‌ನ ಅಧ್ಯಕ್ಷನಾದದ್ದು ನೆನಪಾಗುವುದಿಲ್ಲವೇ?

ಕೊನೆಗೆ ಶಿಕ್ಷೆಯಾಯಿತು. ಸಿಂಗರ್‌ಗೆ ಮೂರೂವರೆ ವರ್ಷ, ಅರ್ನ್‌ಸ್ಟ್‌ಗೆ ಎರಡೂವರೆ ವರ್ಷ, ಮೆರೆಡಿತ್‌ಗೆ ಐದು ತಿಂಗಳು. ನಟಿ ಫೆಲಿಸಿಟಿ ಹಫ್‌ಮನ್‌ಗೆ 14 ದಿನ, ನಟಿ ಲೋರಿ ಲಾಫ್ಲಿನ್‌ಗೆ ಎರಡು ತಿಂಗಳು. ಕಾನೂನಿನ ಕಣ್ಣಲ್ಲಿ ವಿಶ್ವವಿದ್ಯಾಲಯಗಳು ಮೋಸ ಹೋದವರು.

ಸಿಂಗರ್ ಗಿರಾಕಿಗಳಿಗೆ ಹೇಳುತ್ತಿದ್ದ ಲೆಕ್ಕಾಚಾರ ಇಲ್ಲಿ ಮುಖ್ಯ. ಕಾಲೇಜಿಗೆ ಮುಂಬಾಗಿಲು ಇದೆ, ಅದು ಮೆರಿಟ್. ಹಿಂಬಾಗಿಲು ಇದೆ, ಅದು ಕಾಲೇಜಿಗೆ ಕೊಡುವ ಭಾರಿ ದೇಣಿಗೆ, ಆದರೂ ಖಾತ್ರಿ ಇಲ್ಲ. ನಾನು ತೆರೆದದ್ದು ಪಕ್ಕದ ಬಾಗಿಲು, ಖರ್ಚು ಕಡಿಮೆ, ಖಾತ್ರಿ ಹೆಚ್ಚು ಎನ್ನುತ್ತಿದ್ದ. ನ್ಯಾಯಾಲಯ ಮುಚ್ಚಿಸಿದ್ದು ಪಕ್ಕದ ಬಾಗಿಲನ್ನು ಮಾತ್ರ. ಹಿಂಬಾಗಿಲು ಅಪರಾಧ ಅಲ್ಲ. ಕಟ್ಟಡ ಕಟ್ಟಿಸಿಕೊಟ್ಟವರ ಮಕ್ಕಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು ಅಂತ ಕೊಡುವ ಆದ್ಯತೆ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಬಹಿರಂಗವಾಗಿಯೇ ನಡೆದುಕೊಂಡು ಬಂದಿದೆ. ಕೋಚ್ ಜೇಬಿಗೆ ಹೋದರೆ ಲಂಚ, ಕಾಲೇಜಿನ ಖಾತೆಗೆ ಹೋದರೆ ದೇಣಿಗೆ. 1718ರಲ್ಲೂ ಹೀಗೇ ಅಲ್ವಾ?

ಕಳಂಕ ಯಾರಿಗೆ, ಲಾಭ ಯಾರಿಗೆ

ಮೂರು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಕಾಣುತ್ತದೆ. ಪ್ರತಿ ಸಲವೂ ಕಥೆಯಲ್ಲಿ ಒಬ್ಬ ಖಳನಾಯಕ ಇದ್ದಾನೆ: ಯೇಲ್, ಮಲೆಡಿ, ಸಿಂಗರ್. ನಾವು ಅವನನ್ನು ಬೈದು ಪುಸ್ತಕ ಮುಚ್ಚುತ್ತೇವೆ. ಆದರೆ ಕಳಂಕ ವ್ಯಕ್ತಿಗೆ ಅಂಟಿದಾಗ ಲಾಭ ಎಲ್ಲಿ ಉಳಿಯಿತು ಅಂತ ಕೇಳುವುದು ಇತಿಹಾಸ ಓದುವವರ ಕೆಲಸ. 562 ಪೌಂಡ್ ಕಟ್ಟಡವಾಯಿತು. 17,000 ಡಾಲರ್ ಸಾಲ ತೀರಿಸಿತು.

ಹಾಗಂತ ಆ ಸಂಸ್ಥೆಗಳು ಏನೂ ಕಲಿಯಲಿಲ್ಲ ಎಂದರೆ ಅನ್ಯಾಯ. 2019ರ ಏಪ್ರಿಲ್‌ನಲ್ಲಿ, ಟೆನಿಸ್ ಕೋಚ್ ಸುದ್ದಿ ಬಂದು ಒಂದೇ ತಿಂಗಳಿಗೆ, ಜಾರ್ಜ್‌ಟೌನ್ ವಿದ್ಯಾರ್ಥಿಗಳು ಒಂದು ಮತದಾನ ನಡೆಸಿದರು. ಪ್ರತಿ ವಿದ್ಯಾರ್ಥಿ ಸೆಮಿಸ್ಟರ್‌ಗೆ 27.20 ಡಾಲರ್ ಹೆಚ್ಚು ಶುಲ್ಕ ಕೊಟ್ಟು ಆ ವಂಶಸ್ಥರಿಗಾಗಿ ನಿಧಿ ಕಟ್ಟಬೇಕು ಎಂಬ ಪ್ರಸ್ತಾಪಕ್ಕೆ 2,541 ಜನ ಹೌದು ಎಂದರು, 1,304 ಜನ ಬೇಡ ಎಂದರು. 272ರ ಗುರುತು ಆ ಮೊತ್ತದಲ್ಲೇ ಇದೆ. ಕೆಲವರು ಸೀಟು ಕೊಂಡ ಅದೇ ಅಂಗಳದಲ್ಲಿ ಉಳಿದವರು ತಾವು ಮಾಡದ ಸಾಲವನ್ನು ಹಂಚಿಕೊಳ್ಳಲು ಒಪ್ಪಿದರು. ವಿಶ್ವವಿದ್ಯಾಲಯ ಆ ಶುಲ್ಕವನ್ನು ಹಾಗೇ ಜಾರಿ ಮಾಡಲಿಲ್ಲ, ಬದಲಿಗೆ ವರ್ಷಕ್ಕೆ 4 ಲಕ್ಷ ಡಾಲರಿನ ನಿಧಿ ಘೋಷಿಸಿತು. 2021ರಲ್ಲಿ ಜೆಸ್ಯೂಟರು 10 ಕೋಟಿ ಡಾಲರ್ ಕೂಡಿಸುವ ಮಾತು ಕೊಟ್ಟರು. ಯೇಲ್ ಕೂಡ ಇತಿಹಾಸಕಾರ ಡೇವಿಡ್ ಬ್ಲೈಟ್ ಅವರಿಂದ ತನ್ನ ಗುಲಾಮಗಿರಿಯ ಇತಿಹಾಸ ಬರೆಸಿ, 2024ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿತು. ಹೆಸರು ಮಾತ್ರ ಯೇಲ್ ಎಂದೇ ಇದೆ.

ಇದನ್ನು ಓದಿ "ನೋಡಿ, ಪಾದ್ರಿಗಳು ಹೀಗೆ, ಅಮೆರಿಕದವರು ಹೀಗೆ" ಎಂದು ಬೆರಳು ತೋರಿಸುವುದು ಸುಲಭ. ನಾವು ಹಾಗೆ ಮಾಡಬಾರದು. ಗುಲಾಮರ ವ್ಯಾಪಾರ ಮುಸ್ಲಿಂ ದೊರೆಗಳ ನಾಡಿನಲ್ಲೂ ಇತ್ತು. ಅಹ್ಮದ್‌ನಗರದಲ್ಲಿ ಮೊಗಲರಿಗೆ ಸಡ್ಡು ಹೊಡೆದ ಮಲಿಕ್ ಅಂಬರ್ ದಖ್ಖನಿಗೆ ಬಂದದ್ದೇ ಮಾರಾಟವಾದ ಹಬ್ಶಿ ಹುಡುಗನಾಗಿ. ಅವನ ಶೌರ್ಯದ ಬಗ್ಗೆ ಹೆಮ್ಮೆಯಿಂದ ಬರೆಯುತ್ತೇವೆ. ಅವನನ್ನು ಮಾರಿದವರ, ಕೊಂಡವರ ಬಗ್ಗೆ ಎಷ್ಟು ಬರೆದಿದ್ದೇವೆ? ನಮ್ಮ ಸಂಸ್ಥೆಗಳ ಗೋಡೆಯ ಮೇಲೂ ದಾನಿಗಳ ಹೆಸರಿನ ಕಲ್ಲುಗಳಿವೆ. ದುಡ್ಡು ಹೇಗೆ ಬಂತು ಎಂದು ಕೇಳುವ ಅಭ್ಯಾಸ ನಮಗೂ ಕಡಿಮೆ. ಹಲಾಲ್ ಎಂಬ ಮಾತು ತಟ್ಟೆಗೆ ಮಾತ್ರ ಅಲ್ಲ, ಖಾತೆಗೂ ಸೇರಿದ್ದು ಎಂದು ಹಿರಿಯರು ಹೇಳುತ್ತಿದ್ದರು.

ಅಕ್ಕನ ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟು: "ಮುಂಬಾಗಿಲು ಇದೆ ಬೇಟಾ, ನೀನು ಅದರಲ್ಲೇ ಹೋಗು. ಬೇರೆ ಬಾಗಿಲುಗಳೂ ಇವೆ ಅಂತ ಗೊತ್ತಿರಲಿ. ಸೀಟು ಸಿಕ್ಕಿದ ಮೇಲೆ ಮೊದಲ ವಾರವೇ ಲೈಬ್ರರಿಗೆ ಹೋಗಿ ಕಾಲೇಜಿನ ಹಳೆಯ ಲೆಕ್ಕದ ಪುಸ್ತಕ ಎಲ್ಲಿದೆ ಅಂತ ಕೇಳು."

ಅವಳು ನಕ್ಕಳು. ಆಮೇಲೆ ಗೋರಿಯ ಮೇಲಿನ ಕಲ್ಲಿನ ಬರಹವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡಳು.